ಮ್ಯಾಪ್‌ನಲ್ಲಿ ದಾರಿ, ನೆಲದ ಮೇಲೆ ನಾಲೆ

"ಮ್ಯಾಪ್ ತೋರಿಸ್ತು, ಬಂದ್ವಿ."

ಪಾಂಡವಪುರ ತಾಲ್ಲೂಕಿನ ನಾಲೆ ಏರಿಯ ಮೇಲೆ, ಕೆ.ಆರ್.ಪೇಟೆ ಕಡೆಯ ಹಿನ್ನೀರಿನ ದಂಡೆಯಲ್ಲಿ, ನಾಗಮಂಗಲದ ರಾಗಿ ಹೊಲಗಳ ಮಧ್ಯೆ ಭಾನುವಾರ ಬಂತೆಂದರೆ ಕೇಳುವ ಮಾತಿದು. ಹೇಳುವವರು ಬೆಂಗಳೂರು, ಮೈಸೂರು ಕಡೆಯ ಜೀಪಿನವರು, ದೊಡ್ಡ ಬೈಕಿನವರು. ಕೇಳಿಸಿಕೊಳ್ಳುವವರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ದಾರಿ ಬಿಡಲಿ ಎಂದು ಕಾಯುವ ರೈತರು.

ಟಾರು ರಸ್ತೆ ಬಿಟ್ಟು ಮಣ್ಣು ದಾರಿಯಲ್ಲಿ ಗಾಡಿ ಓಡಿಸುವುದು ಈಗ ದೊಡ್ಡ ಖಯಾಲಿ. ಖಯಾಲಿ ತಪ್ಪೇನಲ್ಲ. ಆದರೆ ಜೀಪಿನವರಿಗೆ ಮಾತ್ರ ಸಂಬಂಧಪಟ್ಟ ವಿಷಯ ಎಂದು ಪೇಟೆ ಬೀದಿಯ ಅಂಗಡಿಯವರು ಸುಮ್ಮನಿರುವಂತೆಯೂ ಇಲ್ಲ. ಎಣ್ಣೆ ಡಬ್ಬ ತರುವ ಟೆಂಪೋದವನೂ, ಪಾರ್ಸಲ್ ಹುಡುಗನೂ, ರಾತ್ರಿ ಕರೆ ಬಂದಾಗ ಹೊರಡುವ ಆಂಬುಲೆನ್ಸ್ ಚಾಲಕನೂ ಅದೇ ಫೋನನ್ನೇ ನಂಬಿ ಬರುತ್ತಾರೆ. "ಹೊಸಹಳ್ಳಿ" ಎಂದು ಒತ್ತಿದರೆ ಯಾವ ಹೊಸಹಳ್ಳಿ ಸ್ವಾಮಿ? ಕೆ.ಆರ್.ಪೇಟೆ, ಕೆ.ಆರ್.ನಗರ, ಕೆ.ಆರ್.ಪುರ, ಕೆ.ಆರ್.ಎಸ್. ಇವುಗಳನ್ನು ಮನುಷ್ಯರೇ ಬಿಡಿಸಿಕೊಳ್ಳಲು ಕಷ್ಟಪಡುತ್ತಾರೆ, ಇನ್ನು ಯಂತ್ರದ ಪಾಡೇನು!

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಜಿ.ಪಿ.ಎಸ್. ಅಂದರೆ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಅಮೆರಿಕದ ಉಪಗ್ರಹಗಳು ಕಳಿಸುವ ಸಮಯದ ಲೆಕ್ಕ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಕು, ಕೈಯಲ್ಲಿರುವ ಡಬ್ಬಿ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಿ ಹೇಳುತ್ತದೆ. 2000ನೇ ಇಸವಿ ಮೇ ತಿಂಗಳವರೆಗೆ ಅಮೆರಿಕದವರು ಬೇಕೆಂದೇ ತಪ್ಪು ಸೇರಿಸಿ ಕೊಡುತ್ತಿದ್ದರು. ಸಾಮಾನ್ಯರಿಗೆ ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಈಗ ಬಯಲಿನಲ್ಲಿ ನಿಂತರೆ ಸಾಧಾರಣ ಫೋನಿಗೂ ಐದು ಮೀಟರ್ ಒಳಗೆ ಸಿಗುತ್ತದೆ. ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳ ಉಸ್ತುವಾರಿ ನಡೆಯುವುದು ಕೆ.ಆರ್.ಪೇಟೆಗೆ ನೆರೆಯ ಹಾಸನದ ಇಸ್ರೋ ಕೇಂದ್ರದಿಂದ.

ಬಹಳ ಜನಕ್ಕೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಟವರ್ ಸಿಗದಿದ್ದರೆ ಜಿ.ಪಿ.ಎಸ್. ಸತ್ತಂತೆ ಎಂದುಕೊಂಡಿದ್ದಾರೆ. ಹಾಗಲ್ಲ. ಉಪಗ್ರಹದ ಸಂಕೇತಕ್ಕೂ ಮೊಬೈಲ್ ಟವರಿಗೂ ಸಂಬಂಧವಿಲ್ಲ. ಟವರ್ ಹೋದರೆ ಹೋಗುವುದು ನಕ್ಷೆಯ ಚಿತ್ರ. ನೀಲಿ ಚುಕ್ಕೆ ಬರೀ ಬಿಳಿ ಹಾಳೆಯ ಮೇಲೆ ನಿಂತಿರುತ್ತದೆ. ಅದಕ್ಕೇ ಪಳಗಿದ ಜೀಪಿನವರು ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಬರುತ್ತಾರೆ. ಹೋದ ದಾರಿಯನ್ನು ಗೆರೆಯಾಗಿ ದಾಖಲಿಸಿಕೊಳ್ಳುತ್ತಾರೆ. ಕತ್ತಲಾದರೆ ಅದೇ ಗೆರೆ ಹಿಡಿದು ವಾಪಸ್ಸು. ಇದು ಒಳ್ಳೆಯ ಪದ್ಧತಿ.

ತೊಂದರೆ ಬರುವುದು ಆ ಗೆರೆಯನ್ನು ಇನ್ನೊಬ್ಬರಿಗೆ ಕಳಿಸಿಕೊಟ್ಟಾಗ.

ಕನ್ನಂಬಾಡಿ ಹಿನ್ನೀರನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಸಕನ್ನಂಬಾಡಿ ಕಡೆಯಿಂದ ಕೆ.ಆರ್.ಪೇಟೆ ತಾಲ್ಲೂಕಿನ ಅಂಚಿನವರೆಗೂ ಕೆರೆಯಂಗಳದಂತೆ ನೆಲ ಬಿರಿದು ನಿಲ್ಲುತ್ತದೆ. ಜೀಪು ಎಲ್ಲಿ ಬೇಕಾದರೂ ಓಡುತ್ತದೆ. ಏಪ್ರಿಲ್‌ನಲ್ಲಿ ಒಬ್ಬ ಓಡಿಸಿ ಗೆರೆ ದಾಖಲಿಸಿದ; ಆಗಸ್ಟ್‌ನಲ್ಲಿ ಇನ್ನೊಬ್ಬ ಅದೇ ಗೆರೆ ಹಿಡಿದು ಬಂದ. ಅಷ್ಟರಲ್ಲಿ ಆ ನೆಲ ಎಷ್ಟು ಅಡಿ ನೀರಿನ ಕೆಳಗಿರುತ್ತದೋ! ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. 2025ರಲ್ಲಂತೂ ಜೂನ್ ತಿಂಗಳಲ್ಲೇ ತುಂಬಿತು, ಕಟ್ಟೆ ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಯಾವ ವರ್ಷ ಯಾವಾಗ ತುಂಬುತ್ತದೆಂದು ಹೇಳಬಲ್ಲ ಗೆರೆ ಯಾವ ಫೋನಿನಲ್ಲೂ ಇಲ್ಲ. ನೀರು ಇಳಿಯುವ ಕಾಲವೂ ಮೋಸದ್ದೇ. ಮೇಲೆ ಒಣಗಿ ಬಿಳಿಚಿಕೊಂಡ ಮಣ್ಣು, ಒಳಗೆ ಕೆಸರು. ಆಚೆಗೆ ಎಳೆಯಲು ಬರಬೇಕಾದ್ದು ಮತ್ತೆ ಊರಿನ ಟ್ರ್ಯಾಕ್ಟರೇ.

ನಾಲೆಯ ವಿಷಯ ಇನ್ನೂ ಗಂಭೀರ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲಿನ ದಾರಿ ಇರುವುದು ಮೂಲತಃ ನಾಲೆ ನೋಡಿಕೊಳ್ಳುವ ನೀರಾವರಿಯವರ ಓಡಾಟಕ್ಕೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ನೇರವಾಗಿ, ಅಂದವಾಗಿ ಕಾಣುತ್ತದೆ. ಊರೊಳಗಿನ ಸೊಟ್ಟ ರಸ್ತೆಗಿಂತ ಹತ್ತಿರ ಎಂದು ಯಂತ್ರ ಲೆಕ್ಕ ಹಾಕುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕು ಕನಗನಮರಡಿ ಬಳಿ ಖಾಸಗಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಜಿಲ್ಲೆ ಮರೆಯುವಂತಿಲ್ಲ. 2023ರ ನವೆಂಬರ್‌ನಲ್ಲಿ ಬನಘಟ್ಟದ ಬಳಿ ಕಾರು ಬಿದ್ದು ಐವರು ಹೋದರು. ಇವಕ್ಕೂ ಮ್ಯಾಪಿಗೂ ಗಂಟು ಹಾಕುವುದು ಬೇಡ. ದಾರಿ ಬಲ್ಲ ಚಾಲಕನ ಬಸ್ಸಿಗೇ ಆ ಗತಿಯಾದರೆ, ಹೊಸಬ ರಾತ್ರಿ ಹೊತ್ತು ಫೋನ್ ನೋಡಿಕೊಂಡು ಬಂದರೆ ಏನು ಎಂಬುದಷ್ಟೇ ಪ್ರಶ್ನೆ.

ಇಲ್ಲಿ ಆ ಐದು ಮೀಟರ್ ಲೆಕ್ಕ ನೆನಪಿಸಿಕೊಳ್ಳಬೇಕು. ಐದು ಮೀಟರ್ ಅಂದರೆ ಹದಿನಾರು ಅಡಿ. ಏರಿ ಮೇಲಿನ ದಾರಿಯ ಅಗಲ ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಗಾಡಿ ದಾರಿಯಲ್ಲಿದ್ದರೆ ಚುಕ್ಕೆ ನೀರಿನಲ್ಲಿರಬಹುದು, ಚುಕ್ಕೆ ದಾರಿಯಲ್ಲಿದ್ದರೆ ಗಾಡಿ ನೀರಿನಲ್ಲಿರಬಹುದು!

ಹೊರಗಿನ ಉದಾಹರಣೆಗಳಿಗೂ ಬರವಿಲ್ಲ. 2024ರ ಜೂನ್‌ನಲ್ಲಿ ಕಾಸರಗೋಡಿನಿಂದ ನಮ್ಮ ರಾಜ್ಯದ ಆಸ್ಪತ್ರೆಗೆ ಹೊರಟ ಇಬ್ಬರು ಯುವಕರು ಗೂಗಲ್ ಮ್ಯಾಪ್ ನೋಡಿಕೊಂಡು ಕತ್ತಲಲ್ಲಿ ಪಳ್ಳಂಜಿಯ ತಗ್ಗು ಸೇತುವೆಗೆ ಇಳಿದರು. ಕಾರು ಕೊಚ್ಚಿಹೋಯಿತು, ಮರ ಹಿಡಿದುಕೊಂಡು ಜೀವ ಉಳಿಸಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಿಹಾರದಿಂದ ಗೋವಾಕ್ಕೆ ಹೊರಟ ಕುಟುಂಬವೊಂದು ಖಾನಾಪುರದ ಭೀಮಗಡ ಕಾಡಿನಲ್ಲಿ ರಾತ್ರಿ ಕಳೆಯಿತು; ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆದ ಮೇಲೆ ಟವರ್ ಸಿಕ್ಕಿ 112ಕ್ಕೆ ಕರೆ ಹೋಯಿತು. ಉತ್ತರ ಪ್ರದೇಶದ ಬರೇಲಿ ಬಳಿ 2024ರ ನವೆಂಬರ್‌ನಲ್ಲಿ ಅರ್ಧ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಅಲ್ಲಿನ ಪೊಲೀಸರು ಮೊಕದ್ದಮೆ ಹಾಕಿದ್ದು ಮ್ಯಾಪ್ ಕಂಪನಿಯ ಅಧಿಕಾರಿಯ ಮೇಲೆ ಮಾತ್ರ ಅಲ್ಲ, ಲೋಕೋಪಯೋಗಿ ಇಲಾಖೆಯ ನಾಲ್ವರು ಇಂಜಿನಿಯರುಗಳ ಮೇಲೂ. ಸೇತುವೆ ಮುರಿದಿದೆ ಎಂದು ಒಂದು ಅಡ್ಡಗಟ್ಟೆ ಇಡದವರು ಯಾರು, ಅವರೂ ಹೊಣೆ ತಾನೆ? ಈ ಮಾತು ನಮ್ಮ ಜಿಲ್ಲೆಗೂ ಅನ್ವಯಿಸುತ್ತದೆ.

ದಾರಿ ತಪ್ಪುವುದು ಈ ಸೀಮೆಗೆ ಹೊಸದಲ್ಲ ಬಿಡಿ. 1799ರ ಏಪ್ರಿಲ್‌ನಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಕರ್ನಲ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ಕಾಣದೆ ಹಿಮ್ಮೆಟ್ಟಿದ. ಅದೇ ದಿನಗಳಲ್ಲಿ ಜನರಲ್ ಬೇರ್ಡ್‌ನ ತುಕಡಿ ದಕ್ಷಿಣಕ್ಕೆ ಹೋಗುತ್ತಿದ್ದೇವೆಂದು ತಿಳಿದು ಉತ್ತರಕ್ಕೆ, ಟಿಪ್ಪುವಿನ ಸೈನ್ಯದ ಕಡೆಗೇ ನಡೆದಿತ್ತು. ನಕ್ಷತ್ರ ನೋಡಿ ತಪ್ಪು ಹಿಡಿದವನು ವಿಲಿಯಂ ಲ್ಯಾಂಬ್ಟನ್. ಬೇರ್ಡ್ ಮೊದಲು ಒಪ್ಪಲಿಲ್ಲ, ದಿಕ್ಸೂಚಿ ನೋಡಿದ ಮೇಲೆ ಒಪ್ಪಿದ. ಮೂರು ವರ್ಷದ ನಂತರ, 1802ರಲ್ಲಿ ಮದ್ರಾಸಿನಲ್ಲಿ ಇಡೀ ದೇಶದ ಮಹಾ ಅಳತೆ ಶುರು ಮಾಡಿದವನೂ ಇದೇ ಲ್ಯಾಂಬ್ಟನ್.

ಅಳತೆ ಎಂದ ಮೇಲೆ ಗ್ರಾಮ ನಕಾಶೆಗೆ ಬರೋಣ. ಜಗಳದ ಬೇರು ಇರುವುದು ಅಲ್ಲಿ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿ ದಾರಿ, ಕಾಲು ದಾರಿ ಗುರುತಾಗಿರುತ್ತವೆ. ನಕಾಶೆ ಕಂಡ ದಾರಿ ಅಂದರೆ ಹಕ್ಕಿನ ದಾರಿ. ಯಾರೂ ಅಡ್ಡ ಹಾಕುವಂತಿಲ್ಲ. ಫೋನಿನ ಮ್ಯಾಪು ಹಕ್ಕು ನೋಡುವುದಿಲ್ಲ, ಚಕ್ರದ ಗುರುತು ನೋಡುತ್ತದೆ. ನಾಗಮಂಗಲದ ಖುಷ್ಕಿ ಹೊಲದಲ್ಲಿ ಒಬ್ಬ ರೈತ ಪಕ್ಕದವನ ಗಾಡಿಗೆ "ಹೋಗ್ಲಿ ಬುಡು" ಎಂದು ಬದು ಪಕ್ಕ ಜಾಗ ಬಿಟ್ಟಿರುತ್ತಾನೆ. ಅದು ಬಾಯಿಮಾತಿನ ಉಪಕಾರ, ದಾಖಲೆಯಲ್ಲಿಲ್ಲ. ಆಕಾಶದಿಂದ ನೋಡಿದರೆ ಅದೂ ರಸ್ತೆಯೇ! ವಾರಕ್ಕೆ ಹತ್ತು ಜೀಪು ಅದೇ ದಾರಿಯಲ್ಲಿ ಹುರುಳಿ ತುಳಿದುಕೊಂಡು ಹೋದರೆ ಹೊಲದವನು ಏನು ಮಾಡುತ್ತಾನೆ? ಮುಳ್ಳು ಹಾಕುತ್ತಾನೆ, ಇಲ್ಲ ಟ್ರೆಂಚ್ ಹೊಡೆಸುತ್ತಾನೆ. ಜೀಪಿನವರು ಮುಂದಿನ ವಾರ ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಗೊಬ್ಬರ ಸಾಗಿಸಲು, ಫಸಲು ಹೊರಗೆ ತರಲು ದಾರಿ ಇಲ್ಲದೆ ಕೂರುವವನು ಆ ಪಕ್ಕದ ಹೊಲದ ಬಡಪಾಯಿ. ತಾಲ್ಲೂಕು ಕಚೇರಿಗೆ ಅಲೆದರೆ "ನಕಾಶೇಲಿ ದಾರಿ ಇಲ್ಲವಲ್ರೀ" ಎಂಬ ಉತ್ತರ ಕಾದಿರುತ್ತದೆ.

ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಮಣ್ಣು ದಾರಿಗೆ ಇಳಿಯುವವರು ಅದನ್ನೊಮ್ಮೆ ತೆಗೆದು ನೋಡಿದರೆ ಯಾರದೋ ಹೊಲದೊಳಗೆ ಇದ್ದೇವೆ ಎಂಬುದಾದರೂ ತಿಳಿದೀತು. ಆದರೆ ಬದುವಿನ ಜಗಳವನ್ನು ಅದರಲ್ಲಿ ತೀರಿಸಿಕೊಳ್ಳಲು ಹೋಗಬಾರದು. ಅಲ್ಲೂ ಅದೇ ಐದು ಮೀಟರ್ ಕಥೆ. ಅದಕ್ಕೆ ಭೂಮಾಪಕರ ಸರಪಳಿಯೇ ಬರಬೇಕು.

ಮೇಲುಕೋಟೆ ಕಾಡಿನ ಮಾತು ಚಿಕ್ಕದು. ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ವನ್ಯಜೀವಿ ಧಾಮ ಅದು. 1972ರ ಕಾಯ್ದೆ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಹಾದು ಹೋಗಬಹುದು. ರಸ್ತೆ ಬಿಟ್ಟು ಒಳಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮ್ಯಾಪ್‌ನಲ್ಲಿ ಗೆರೆ ಇತ್ತು ಎಂಬುದು ಅನುಮತಿ ಆಗುವುದಿಲ್ಲ.

ಇನ್ನೊಂದು ಹೊಸ ತಲೆನೋವು ಟೋಲ್‌ನದು. ಬೆಂಗಳೂರು-ಮೈಸೂರು ಹೆದ್ದಾರಿಯ ಗಣಂಗೂರಿನಲ್ಲಿ 2023ರ ಜುಲೈನಿಂದ ಸುಂಕ ವಸೂಲಿ ನಡೆದಿದೆ. ಫೋನಿಗೆ "ಟೋಲ್ ಬೇಡ" ಎಂದು ಹೇಳಿಬಿಟ್ಟರೆ ಅದು ಸಂದಿಗೊಂದಿ ಹುಡುಕಿ ಕೊಡುತ್ತದೆ. ದುಡ್ಡು ಉಳಿಸಲು ಹೋಗಿ ಶ್ರೀರಂಗಪಟ್ಟಣ ತಾಲ್ಲೂಕಿನ ಕಬ್ಬಿನ ಗದ್ದೆ ದಾರಿಗೆ ಬಿದ್ದವನಿಗೆ ಎದುರಾಗುವುದು ಕಬ್ಬು ತುಂಬಿದ ಟ್ರೈಲರ್. ಅದು ಹಿಂದಕ್ಕೆ ಹೋಗುವುದಿಲ್ಲ, ಇವನಿಗೆ ತಿರುಗಿಸಲು ಜಾಗವಿಲ್ಲ. ಕಟ್ಟು ನೀರು ಬಿಟ್ಟ ವಾರವಾದರೆ ದಾರಿಯೇ ಗದ್ದೆ.

ಕೇಳಿದರೆ ಹೇಳುವವರು ಇಲ್ಲವೆ? ಇದ್ದಾರೆ. "ಅಣ್ಣಾ, ಹಿಂಗೋದ್ರೆ ಮೇಲುಕೋಟೆ ಸಿಗುತ್ತಾ?" ಎಂದು ಚಿನಕುರಳಿಯಲ್ಲೋ ಕಿಕ್ಕೇರಿಯಲ್ಲೋ ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿ ಕೇಳಿದರೆ ಸಾಕು, "ಸಿಗೋದೇನೋ ಸಿಗ್ತದೆ ಸಾ, ಆದ್ರೆ ಮೋರಿ ತಾವ ಮಣ್ಣು ಕುಸ್ದದೆ, ಈ ಕಡೆ ಸುತ್ಕೊಂಡೋಗಿ" ಎಂದು ನಾಲ್ಕು ಜನ ಒಟ್ಟಿಗೆ ಹೇಳುತ್ತಾರೆ. ಇಂಥ ಸುದ್ದಿ ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. ಗಾಜು ಇಳಿಸಿ ಕೇಳುವ ವ್ಯವಧಾನ ಈಗಿನವರಿಗೆ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಾಲೆ ಏರಿ ಶುರುವಾಗುವ ಕಡೆ "ಇದು ಸಾರ್ವಜನಿಕ ರಸ್ತೆ ಅಲ್ಲ" ಎಂಬ ಒಂದು ಬೋರ್ಡು, ತಿರುವಿನಲ್ಲಿ ರಾತ್ರಿ ಹೊಳೆಯುವ ಪಟ್ಟಿ, ಅಡ್ಡಕ್ಕೆ ಒಂದು ಕಬ್ಬಿಣದ ಗೇಟು ಹಾಕಲು ಎಷ್ಟು ಖರ್ಚು? ಹಿನ್ನೀರಿಗೆ ಇಳಿಯುವ ಜಾಡಿನ ಬಾಯಲ್ಲಿ ನೀರಿನ ಮಟ್ಟ ಬರೆದ ಫಲಕ ನೆಡಲು ಯಾವ ಯೋಜನಾ ವರದಿ ಬೇಕು? ಮ್ಯಾಪಿನ ತಪ್ಪನ್ನು ಫೋನಿನಿಂದಲೇ ಕಂಪನಿಗೆ ತಿಳಿಸುವ ಸೌಕರ್ಯ ಇದೆ. ಸಾರ್ವಜನಿಕರೇ ತಿದ್ದುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯಲ್ಲಂತೂ ಮಣ್ಣು ದಾರಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡಬಹುದು, ಖಾಸಗಿ ದಾರಿ ಎಂದು ಗುರುತಿಸಬಹುದು. ಪ್ರತಿ ಪಂಚಾಯಿತಿಯಲ್ಲೂ ಕಂಪ್ಯೂಟರ್ ಇದೆ, ಕೂತು ಕೆಲಸ ಮಾಡುವ ಹುಡುಗರಿದ್ದಾರೆ. ತಮ್ಮ ವ್ಯಾಪ್ತಿಯ ಯಾವ ದಾರಿ ಬಂದ್, ಯಾವುದು ಹೊಲದ್ದು, ಯಾವುದು ಏರಿಯದು ಎಂದು ಒಂದು ಸಲ ಗುರುತಿಸಿದರೆ ಟೆಂಪೋದವನಿಗೂ ಅನುಕೂಲ, ಆಂಬುಲೆನ್ಸ್‌ಗೂ ಅನುಕೂಲ.

ಈ ಬಗ್ಗೆ ನಾಲ್ಕೂ ತಾಲ್ಲೂಕಿನ ತಹಸೀಲ್ದಾರರು, ನೀರಾವರಿ ನಿಗಮದವರು ಒಂದು ದಿನ ಕೂತು ಮಾತಾಡಲಿ. ನಾಲೆಗೆ ಮುಂದಿನ ಸಲ ನೀರು ಬಿಡುವ ಮೊದಲು ಏರಿ ಮೇಲಿನ ಗೇಟುಗಳಾದರೂ ಬೀಳಲಿ.