ಕೆದಕುವ ಊರಲ್ಲಿ ರೋಗ ಅಡಗುತ್ತದೆ

ದಾಂಡೇಲಿಯ ಬಂಗೂರನಗರದಂಥ ಕಡೆ ಗುಟ್ಟು ಉಳಿಯುವುದು ಕಷ್ಟ. ಕಾಗದ ಕಾರ್ಖಾನೆಯ ಸುತ್ತ ಬೆಳೆದ ಊರಿದು. ಒಂದೇ ಪಾಳಿಯಲ್ಲಿ ದುಡಿಯುವವರು ಒಂದೇ ಸಾಲಿನ ಮನೆಗಳಲ್ಲಿರುತ್ತಾರೆ, ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಕನ್ನಡ, ಉರ್ದು, ಕೊಂಕಣಿ, ಮರಾಠಿ, ತೆಲುಗು ಎಲ್ಲ ಭಾಷೆಯವರೂ ಇಲ್ಲಿದ್ದಾರೆ. ಚಾಡಿಗೆ ಮಾತ್ರ ಭಾಷೆಯ ಅಡ್ಡಿಯಿಲ್ಲ. ನಡಿಗೆಯಲ್ಲಿ ತುಸು ಬಳುಕಿರುವ ಹುಡುಗನೊಬ್ಬ ಬೀದಿಯಲ್ಲಿ ಹಾದುಹೋದರೆ ಸಾಕು, ಅಷ್ಟೂ ಭಾಷೆಗಳಲ್ಲಿ ಅವನಿಗೊಂದು ಬೈಗುಳ ಸಿದ್ಧವಿರುತ್ತದೆ.

ಅಂಥ ಒಬ್ಬನನ್ನು ನಾವು ಬಲ್ಲೆವು. ಹೆಸರು ಬೇಡ. ಜ್ವರ ಬಿಡದೆ ಕಾಡಿದಾಗಲೂ ಅವನು ಊರಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಲಿಲ್ಲ. "ಚೀಟಿ ಬರೆಯುವವನು ನಮ್ಮ ಗಲ್ಲಿಯವನೇ ಭಾಯಿ, ಸಂಜೆಯೊಳಗೆ ಅಮ್ಮಿಯ ಕಿವಿಗೆ ಬೀಳುತ್ತದೆ" ಎಂದ. ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ, ಬೇರೆ ಹೆಸರು ಬರೆಸಿ ರಕ್ತ ಕೊಟ್ಟು ಬಂದ. ವರದಿ ತರಲು ಮತ್ತೆ ಹೋಗಲಿಲ್ಲ. ಅಷ್ಟರಲ್ಲಿ ನಿಕಾಹ್ ಗೊತ್ತಾಗಿತ್ತು. "ಮದುವೆ ಮಾಡಿದರೆ ಎಲ್ಲ ನೆಟ್ಟಗಾಗುತ್ತದೆ" ಎಂದರು ಹಿರಿಯರು. ವಲೀಮಾದಲ್ಲಿ ನಾವೂ ಉಂಡು ಬಂದೆವು. ಎರಡು ವರ್ಷದ ಮೇಲೆ ಬಸುರಿ ಸೊಸೆಯ ರಕ್ತದಲ್ಲಿ ಎಚ್‌ಐವಿ ಕಂಡಿತು. ಅವಳನ್ನು ತವರಿಗೆ ಅಟ್ಟಿದರು. ಕಳಂಕ ಹೊತ್ತವಳು ಅವಳೇ.

ಆ ಮನೆಯನ್ನು ಹಾಳು ಮಾಡಿದ್ದು ವೈರಸ್ಸೋ, ನಮ್ಮ ನಾಲಿಗೆಯೋ? ಹುಡುಗನ ತಪ್ಪೇನೂ ಇಲ್ಲವೆಂದು ನಾವು ಹೇಳುವುದಿಲ್ಲ. ಏನೂ ಅರಿಯದ ಹೆಣ್ಣಿಗೆ ಅವನು ಮೋಸ ಮಾಡಿದ. ಆದರೆ ಸುಳ್ಳು ಹೇಳದೆ ಬದುಕಲು ನಾವು ಅವನಿಗೆ ಯಾವ ದಾರಿ ಬಿಟ್ಟಿದ್ದೆವು? ವಲೀಮಾದ ಊಟ ಮಾಡಿದವರೆಲ್ಲ ಇದಕ್ಕೆ ಉತ್ತರ ಕೊಡಬೇಕು.

ಏಡ್ಸ್ ಸಲಿಂಗಕಾಮಿಗಳ ರೋಗ ಎಂಬ ಮಾತೇ ಸುಳ್ಳು. ಭಾರತದಲ್ಲಿ ಈ ಸೋಂಕು ಹೆಚ್ಚಾಗಿ ಹರಡಿದ್ದು ಗಂಡು ಹೆಣ್ಣಿನ ಸಂಬಂಧದಿಂದಲೇ. ಆದರೂ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ. 0.2 ಇದ್ದರೆ, ಪುರುಷರೊಂದಿಗೆ ಸಂಬಂಧವುಳ್ಳ ಪುರುಷರಲ್ಲಿ ಅದು ಶೇ. 3ಕ್ಕೂ ಹೆಚ್ಚು ಎಂದು ಸರಕಾರದ 2021ರ ಸಮೀಕ್ಷೆ ಹೇಳುತ್ತದೆ. ಈ ಅಂತರಕ್ಕೆ ದೇಹದ ಕಾರಣ ಒಂದಿದ್ದರೆ ಸಮಾಜದ ಕಾರಣ ಹತ್ತಿವೆ. ಕತ್ತಲಲ್ಲಿ, ಅವಸರದಲ್ಲಿ, ಹೆದರಿಕೆಯಲ್ಲಿ ಸೇರುವವನು ಕಾಂಡೋಮ್ ಕೇಳುವುದಿಲ್ಲ. ಹುಣ್ಣಾದರೆ ವೈದ್ಯರಿಗೆ ತೋರಿಸುವುದಿಲ್ಲ. ಕಾಯಿಲೆಯೆಂದು ತಿಳಿದರೂ ಮಾತ್ರೆಯನ್ನು ಮನೆಯಲ್ಲಿ ಇಡಲಾರ.

ಇದು ನಮ್ಮ ಕಲ್ಪನೆಯಲ್ಲ. 2001ರಲ್ಲಿ ಲಖನೌದಲ್ಲಿ ಏಡ್ಸ್ ತಡೆಯುವ ಕೆಲಸದಲ್ಲಿದ್ದವರನ್ನೇ 377ನೇ ಕಲಮಿನಡಿ ಹಿಡಿದು ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿಟ್ಟರು. ರೋಗ ಹರಡದಂತೆ ನೋಡಿಕೊಳ್ಳಿ ಎಂದು ತಿಳಿಹೇಳಿದ್ದೇ ಅಪರಾಧವಾಯಿತು! 2006ರಲ್ಲಿ ಸರಕಾರದ್ದೇ ಆದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ, ಈ ಕಾನೂನಿನಿಂದ ಜನ ಅಡಗುತ್ತಾರೆ, ನಾವು ಅವರನ್ನು ತಲುಪಲಾಗುತ್ತಿಲ್ಲ ಎಂದು ದೆಹಲಿ ಹೈಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ಅದೇ ಸರಕಾರದ ಗೃಹ ಇಲಾಖೆ ಕಾನೂನು ಇರಲೇಬೇಕೆಂದು ವಾದಿಸಿತು. 2009ರಲ್ಲಿ ಬಂದ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟು ಕಿತ್ತುಕೊಂಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಕಾನೂನು ಬದಲಾಯಿತು. ನಮ್ಮ ಚಹಾದಂಗಡಿ ಬದಲಾಗಲಿಲ್ಲ.

ಇದೆಲ್ಲ ಪಶ್ಚಿಮದಿಂದ ಬಂದ ಕೊಳಕು ಎನ್ನುವವರಿಗೆ ಒಂದು ಮಾತು. ಪಶ್ಚಿಮದಿಂದ ಬಂದದ್ದು 377ನೇ ಕಲಮು. 1860ರ ದಂಡಸಂಹಿತೆಯಲ್ಲಿ ಅದನ್ನು ನಮ್ಮ ಮೇಲೆ ಹೇರಿದವರು ಇಂಗ್ಲಿಷರು. ಅದಕ್ಕೆ ಎರಡು ವರ್ಷ ಮೊದಲು ಉಸ್ಮಾನಿ ಖಿಲಾಫತ್ತು ತಂದ ದಂಡಸಂಹಿತೆಯಲ್ಲಿ ಅಂಥ ಕಲಮು ಇರಲಿಲ್ಲ. ಇನ್ನು ಸಾಹಿತ್ಯ. ಇಸ್ಮತ್ ಚುಗ್ತಾಯಿ 'ಲಿಹಾಫ್' ಕತೆ ಪ್ರಕಟಿಸಿದ್ದು 1942ರಲ್ಲಿ. ಅದಕ್ಕಾಗಿ ಲಾಹೋರಿನ ನ್ಯಾಯಾಲಯದ ಮೆಟ್ಟಿಲು ಹತ್ತಿ ಗೆದ್ದು ಬಂದರು. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ಉರ್ದು, ಕನ್ನಡ ಎರಡನ್ನೂ ಓದಿ ಬೆಳೆದ ನಾವು ಕತೆಗಾರರು ಈ ಬಗ್ಗೆ ಎಷ್ಟು ಬರೆದಿದ್ದೇವೆ? ಬರೆದರೆ ಜನ ನಮ್ಮನ್ನೂ ಹಾಗೆಂದುಕೊಂಡಾರು ಎಂಬ ಭಯ ನಮಗೂ ಇದೆ. ಈ ನಾಚಿಕೆಗೇಡನ್ನು ಮೊದಲು ಒಪ್ಪಿಕೊಳ್ಳೋಣ.

ದೀನ್ ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಹಲಾಲ್ ಹರಾಮಿನ ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಉಲಮಾಗಳ ನಿಲುವು ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ದೀನ್ ಪರರ ಗುಟ್ಟು ಕೆದಕುವುದನ್ನೂ ಬೆನ್ನ ಹಿಂದೆ ಆಡಿಕೊಳ್ಳುವುದನ್ನೂ ನಿಷೇಧಿಸಿದೆ. ಸೂರಾ ಹುಜುರಾತ್ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಬ್ಬನ ಮಲಗುವ ಕೋಣೆಯ ಬಗ್ಗೆ ಜುಮ್ಮಾ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತು ನಗುವವನು ಯಾವ ಗುನಾಹಿನ ಲೆಕ್ಕ ಬರೆಯುತ್ತಿದ್ದಾನೆ? ರೋಗಿಯನ್ನು ನೋಡಲು ಹೋಗುವುದು, ಮಯ್ಯತ್ತಿಗೆ ಗುಸ್ಲ್ ಕೊಡುವುದು ನಮ್ಮ ಮೇಲಿನ ಹಕ್ಕು. ಕಾಯಿಲೆ ಹೇಗೆ ಬಂತೆಂದು ವಿಚಾರಿಸಿ ಆಮೇಲೆ ಹೆಗಲು ಕೊಡುವ ಷರತ್ತು ಯಾವ ಕಿತಾಬಿನಲ್ಲಿದೆ?

ನಾವು ಕೇಳುವುದು ದೊಡ್ಡದೇನಲ್ಲ. ತಾಯ್ತಂದೆಯರೇ, ಮದುವೆಯನ್ನು ಔಷಧಿ ಮಾಡಬೇಡಿ. ಇನ್ನೊಬ್ಬರ ಮಗಳು ನಿಮ್ಮ ಮಗನ ಚಿಕಿತ್ಸೆಯಲ್ಲ. ಇದನ್ನು ಗುಣಪಡಿಸುತ್ತೇವೆಂದು ಹಣ ಕೀಳುವ ವೈದ್ಯರನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಅಂಥ 'ಚಿಕಿತ್ಸೆ' ವೃತ್ತಿಗೇಡು ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಹೇಳಿದೆ. ಆಸ್ಪತ್ರೆಯ ಸಿಬ್ಬಂದಿಯೇ, ರೋಗಿಯ ಗುಟ್ಟು ಕಾಯುವುದು ನಿಮ್ಮ ಔದಾರ್ಯವಲ್ಲ, 2017ರ ಎಚ್‌ಐವಿ ಕಾಯ್ದೆ ವಿಧಿಸಿದ ಕರ್ತವ್ಯ. ಜಮಾಅತಿನ ಹಿರಿಯರೇ, ನಿಕಾಹ್‌ಗೆ ಮೊದಲು ಮೆಹರಿನ ಲೆಕ್ಕ ಕೇಳುವಂತೆ, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡು ತಮ್ಮ ತಮ್ಮಲ್ಲೇ ತಿಳಿಸಿಕೊಳ್ಳಿ ಎಂದು ಬುದ್ಧಿ ಹೇಳಿ. ವರದಿ ನಿಮ್ಮ ಕೈಗೆ ಬರುವುದು ಬೇಡ.

ತವರಿಗೆ ಅಟ್ಟಿಸಿಕೊಂಡ ಆ ಹೆಣ್ಣುಮಗಳು ಸಮಯಕ್ಕೆ ಚಿಕಿತ್ಸೆ ಪಡೆದಳು. ಮಗುವಿಗೆ ಸೋಂಕು ತಗಲಲಿಲ್ಲ. ಬಿಡದೆ ಮಾತ್ರೆ ನುಂಗಿ ರಕ್ತದಲ್ಲಿ ವೈರಸ್ಸು ಕಾಣದಷ್ಟು ತಗ್ಗಿದವರಿಂದ ಸಂಗಾತಿಗೂ ಅದು ದಾಟುವುದಿಲ್ಲ. ವಿಜ್ಞಾನ ಅಷ್ಟು ದೂರ ನಡೆದಿದೆ. ಆಕೆ ಮಾತ್ರ ಇಂದಿಗೂ ಮಾತ್ರೆಗೆಂದು ನಖಾಬ್ ಇಳಿಸಿಕೊಂಡು, ಪರಿಚಯದವರಿಲ್ಲದ ಬಸ್ಸು ಹುಡುಕಿ ಪರವೂರಿಗೆ ಹೋಗುತ್ತಾಳೆ. ಆಕೆ ಹೆದರಿರುವುದು ರೋಗಕ್ಕಲ್ಲ, ನಮಗೆ.