ಸೈಬರ್ ಭದ್ರತೆ: ಪರೀಕ್ಷೆ ಹೇಗೆ ಎಂದು ಮೊದಲು ಕೇಳಿ

ಪಿಯುಸಿ, ಡಿಪ್ಲೊಮಾ ಫಲಿತಾಂಶ ಹೊರಬೀಳುತ್ತಿದ್ದಂತೆ ‘ಸೈಬರ್ ಸೆಕ್ಯುರಿಟಿ’ ಕೋರ್ಸುಗಳ ಜಾಹೀರಾತುಗಳೂ ಕಾಣಿಸಿಕೊಳ್ಳುತ್ತವೆ. ಶುಲ್ಕವೆಷ್ಟು, ಅವಧಿಯೆಷ್ಟು, ಕೆಲಸ ಸಿಗುತ್ತದೆಯೇ ಎಂದು ಪೋಷಕರು ವಿಚಾರಿಸುತ್ತಾರೆ. ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಕೊನೆಯ ಪರೀಕ್ಷೆ ಹೇಗೆ ನಡೆಯುತ್ತದೆ?

ಟೈಪಿಂಗ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಯಾವ ಅಕ್ಷರ ಯಾವ ಕೀಲಿಯಲ್ಲಿದೆ ಎಂದು ಹೇಳಿದ ಮಾತ್ರಕ್ಕೆ ಯಾರೂ ಪಾಸಾಗುವುದಿಲ್ಲ. ಗೊತ್ತಾದ ಸಮಯದೊಳಗೆ ಟೈಪ್ ಮಾಡಿ ತೋರಿಸಬೇಕು. ಕಲಿಸುವ ಇನ್‌ಸ್ಟಿಟ್ಯೂಟ್ ಬೇರೆ, ಪರೀಕ್ಷೆ ನಡೆಸುವ ಮಂಡಳಿ ಬೇರೆ. ಸೈಬರ್ ಭದ್ರತೆಯೂ ಕೈಯಲ್ಲಿ ಮಾಡಿಯೇ ಕಲಿಯಬೇಕಾದ ಕಸುಬು.

ಒಳ್ಳೆಯ ತರಬೇತಿಯಲ್ಲಿ ಮೊದಲು ನೆಟ್‌ವರ್ಕ್ ಮತ್ತು ಲಿನಕ್ಸ್ ಕಲಿಸುತ್ತಾರೆ. ಆಮೇಲೆ ಪ್ರಯೋಗಾಲಯ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಒಂದೇ ಕಂಪ್ಯೂಟರಿನೊಳಗೆ ಎರಡು ಮೂರು ಕಂಪ್ಯೂಟರುಗಳನ್ನು ಸೃಷ್ಟಿಸಬಹುದು. ಬೇಕೆಂದೇ ದೋಷಗಳನ್ನಿಟ್ಟು ತಯಾರಿಸಿದ ‘ಮೆಟಾಸ್ಪ್ಲಾಯಿಟಬಲ್’, ‘ಜ್ಯೂಸ್ ಶಾಪ್’ ಮುಂತಾದವುಗಳನ್ನು ಅಲ್ಲಿ ಭೇದಿಸಿ ಅಭ್ಯಾಸ ಮಾಡುತ್ತಾರೆ. ಈ ಅಭ್ಯಾಸವನ್ನು ಹೊರಗೆ, ಬೇರೆಯವರ ಕಂಪ್ಯೂಟರಿನ ಮೇಲೆ ಮಾಡುವಂತಿಲ್ಲ. ಅನುಮತಿಯಿಲ್ಲದೆ ಒಳನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಡಿ ಪರಿಹಾರ ಕೊಡಬೇಕಾದೀತು. ವಂಚನೆಯ ಉದ್ದೇಶವಿದ್ದರೆ 66ನೇ ಕಲಮಿನಡಿ 3 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ವಾರವೇ ಇದನ್ನು ಹೇಳಿಕೊಡದ ಸಂಸ್ಥೆಗೆ ಮಕ್ಕಳನ್ನು ಕಳಿಸಬೇಡಿ.

ಇನ್ನು ಪರೀಕ್ಷೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ನೆನಪಿನ ಶಕ್ತಿಯನ್ನು ಅಳೆಯುತ್ತದೆ, ಕೈಚಳಕವನ್ನಲ್ಲ. ‘ಸೆಕ್ಯುರಿಟಿ ಪ್ಲಸ್’ ಪರೀಕ್ಷೆಯಲ್ಲಿ 90 ನಿಮಿಷಕ್ಕೆ ಗರಿಷ್ಠ 90 ಪ್ರಶ್ನೆಗಳು. ಅವುಗಳಲ್ಲಿ ಕೆಲವನ್ನು ಮಾಡಿ ತೋರಿಸಬೇಕು. ‘ಓಎಸ್‌ಸಿಪಿ’ ಇನ್ನೂ ಕಠಿಣ. 23 ಗಂಟೆ 45 ನಿಮಿಷ ಕಂಪ್ಯೂಟರುಗಳನ್ನು ಭೇದಿಸಿ, ನಂತರದ 24 ಗಂಟೆಗಳಲ್ಲಿ ವರದಿ ಒಪ್ಪಿಸಬೇಕು. ಉತ್ತೀರ್ಣರಾಗಲು ನೂರಕ್ಕೆ 70 ಅಂಕ ಬೇಕು. ಹೊಸಬರಿಗೆ ಇದು ಹೇಳಿದ್ದಲ್ಲ. ಆದರೆ ಕಸುಬನ್ನು ಅಳೆಯುವ ಬಗೆ ಯಾವುದೆಂದು ಇದರಿಂದ ತಿಳಿಯುತ್ತದೆ. ನಮ್ಮ ದೇಶದಲ್ಲಿ 2013ರಿಂದ ಇರುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಕೂಡ ಕಲಿತದ್ದನ್ನು ಮಾಡಿ ತೋರಿಸುವುದಕ್ಕೇ ಒತ್ತು ಕೊಡುತ್ತದೆ.

ಮೊದಲ ಹಂತದ ವಿದ್ಯಾರ್ಥಿಗೆ ಕೊಡಬಹುದಾದ ಒಳ್ಳೆಯ ಪರೀಕ್ಷೆ ಹೀಗಿರುತ್ತದೆ: ಸರ್ವರಿನ ಒಂದು ರಾತ್ರಿಯ ದಾಖಲೆಯನ್ನು ಕೈಗಿಡಬೇಕು. ಪಾಸ್‌ವರ್ಡ್ ಊಹಿಸಲು ಮತ್ತೆ ಮತ್ತೆ ಯತ್ನಿಸಿದ ವಿಳಾಸ ಯಾವುದು? ಒಳಬಂದದ್ದು ಎಷ್ಟು ಗಂಟೆಗೆ? ಮುಂದೇನು ಮಾಡಬೇಕು? ಮೂಲ ದಾಖಲೆ ಮುಟ್ಟದೆ, ಪ್ರತಿಯ ಮೇಲೆ ಕೆಲಸ ಮಾಡಿದ್ದಕ್ಕೂ ಅಂಕವಿರಬೇಕು. ಕಡೆಗೆ, ಕಂಪ್ಯೂಟರ್ ಅರಿಯದ ಮ್ಯಾನೇಜರಿಗೂ ಅರ್ಥವಾಗುವಂತೆ ಒಂದು ಪುಟದ ವರದಿ. ನಿಗದಿತ ಬಗೆಯ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದು ಸರ್ಟ್-ಇನ್ 2022ರಲ್ಲಿ ಆದೇಶಿಸಿರುವುದರಿಂದ ಬೇಗ, ಸ್ಪಷ್ಟವಾಗಿ ಬರೆಯುವುದೂ ಈ ಕಸುಬಿನ ಭಾಗವೇ. ಕನ್ನಡ ಮಾಧ್ಯಮದವರು ಅಂಜಬೇಕಿಲ್ಲ. ವರದಿಗೆ ಬೇಕಾದದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ.

ಹಣ ಕಟ್ಟುವ ಮೊದಲು ತಂದೆ ತಾಯಿ ಒಮ್ಮೆ ಸಂಸ್ಥೆಗೆ ಹೋಗಿ ಬನ್ನಿ. ವಾರಕ್ಕೆ ಎಷ್ಟು ಗಂಟೆ ಪ್ರಯೋಗಾಲಯ, ಒಂದು ಕಂಪ್ಯೂಟರಿಗೆ ಎಷ್ಟು ಮಂದಿ, ಮೌಲ್ಯಮಾಪನ ಮಾಡುವವರು ಹೊರಗಿನವರೇ ಎಂದು ಕೇಳಿ. ಹಳೆಯ ವಿದ್ಯಾರ್ಥಿಯ ಹೆಸರು ಮರೆಮಾಡಿ ಒಂದು ವರದಿ ತೋರಿಸಲು ಹೇಳಿ. ತೋರಿಸಲು ವರದಿಯೇ ಇಲ್ಲದ ಕಡೆ ಚಂದದ ಸರ್ಟಿಫಿಕೇಟ್ ಇದ್ದು ಏನು ಪ್ರಯೋಜನ?