ಐವತ್ತು ದಾಟಿದ ಆಟಗಾರರಿಗೆ ಕ್ರಿಯೇಟಿನ್ ಬೇಕೆ?

ಬೆಳಗಿನ ಆರು ಗಂಟೆಗೆ ರಾಜಾಜಿನಗರ ಅಥವಾ ಬಸವೇಶ್ವರನಗರದ ಯಾವುದಾದರೂ ಉದ್ಯಾನದ ಬಳಿ ನಿಂತು ನೋಡಿ. ಕಿವಿ ಮುಚ್ಚುವಂತೆ ಟೋಪಿ ಹಾಕಿಕೊಂಡು ಬಿರುಸಾಗಿ ನಡೆಯುವ ಹಿರಿಯರು ಸಾಲುಸಾಲಾಗಿ ಕಾಣುತ್ತಾರೆ. ವಿಜಯನಗರದ ಷಟಲ್ ಅಂಕಣಗಳಲ್ಲಿ ನಿವೃತ್ತಿಯ ಅಂಚಿನಲ್ಲಿರುವವರು ಹುಡುಗರಿಗೆ ಸಮನಾಗಿ ಆಡುತ್ತಾರೆ. ಕೆಂಗೇರಿ ಕಡೆಯ ಕೆಲವರು ಜ್ಞಾನಭಾರತಿ ಆವರಣದ ಮರಗಳ ನೆರಳಿನಲ್ಲಿ ಓಡುತ್ತಾರೆ. ಐವತ್ತಾದ ಮೇಲೆ ಆರಾಮ ಕುರ್ಚಿಯೇ ಗತಿ ಎಂದು ನಂಬಿದ್ದ ಕಾಲ ಕಳೆದುಹೋಯಿತು. ಇದು ನಿಜಕ್ಕೂ ಸಂತೋಷದ ಸಂಗತಿ.

ಇಂಥ ಮನೆಗಳಿಗೆ ಈಗ ಒಂದು ಹೊಸ ಡಬ್ಬಿ ಬಂದಿದೆ. ಜಿಮ್‌ಗೆ ಹೋಗುವ ಮಗ ತಂದಿಟ್ಟದ್ದು. ಒಳಗೆ ಉಪ್ಪಿನಂಥ ಬಿಳಿ ಪುಡಿ. ‘ಅಪ್ಪಾ, ನೀವೂ ದಿನಾ ಒಂದು ಚಮಚ ತೆಗೆದುಕೊಳ್ಳಿ, ಆಟದಲ್ಲಿ ಶಕ್ತಿ ಬರುತ್ತದೆ’ ಎನ್ನುತ್ತಾನೆ ಮಗ. ‘ಬೇಡವೇ ಬೇಡ, ಅದರಿಂದ ಕಿಡ್ನಿ ಕೆಡುತ್ತದಂತೆ’ ಎನ್ನುತ್ತಾರೆ ಅಮ್ಮ. ಅಪ್ಪ ಡಬ್ಬಿಯನ್ನೂ ಇಬ್ಬರ ಮುಖವನ್ನೂ ನೋಡುತ್ತಾ ಕೂರುತ್ತಾರೆ. ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದಿರಬಹುದು. ಮಗನ ಮಾತನ್ನು ಕೇಳಬೇಕೆ, ಅಮ್ಮನ ಮಾತನ್ನು ಕೇಳಬೇಕೆ?

ಏನಿದು ಕ್ರಿಯೇಟಿನ್?

ಅನೇಕರು ತಿಳಿದಿರುವಂತೆ ಕ್ರಿಯೇಟಿನ್ ಸ್ಟೀರಾಯ್ಡ್ ಅಲ್ಲ, ಹಾರ್ಮೋನೂ ಅಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧದ ಪಟ್ಟಿಯಲ್ಲೂ ಅದಿಲ್ಲ. ಅದು ನಮ್ಮ ದೇಹವೇ ತಯಾರಿಸಿಕೊಳ್ಳುವ ವಸ್ತು. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೆಲ್ 1832ರಲ್ಲಿ ಮಾಂಸದ ರಸದಿಂದ ಇದನ್ನು ಬೇರ್ಪಡಿಸಿದರು. ಮಾಂಸಕ್ಕಿರುವ ಗ್ರೀಕ್ ಪದದಿಂದಲೇ ಇದಕ್ಕೆ ಹೆಸರು ಬಂತು. ಸುಮಾರು 70 ಕಿಲೋ ತೂಗುವ ವ್ಯಕ್ತಿಯ ದೇಹದಲ್ಲಿ ಅಂದಾಜು 120 ಗ್ರಾಂ ಕ್ರಿಯೇಟಿನ್ ಇರುತ್ತದೆ. ಅದರಲ್ಲಿ ನೂರಕ್ಕೆ 95 ಭಾಗ ಸ್ನಾಯುಗಳಲ್ಲಿಯೇ ಇರುತ್ತದೆ. ದಿನವೂ ಸುಮಾರು 2 ಗ್ರಾಂ ಖರ್ಚಾಗುತ್ತದೆ. ಅರ್ಧದಷ್ಟನ್ನು ಮೂತ್ರಪಿಂಡ ಮತ್ತು ಪಿತ್ತಜನಕಾಂಗ ಸೇರಿ ತಯಾರಿಸುತ್ತವೆ. ಉಳಿದುದು ಆಹಾರದಿಂದ ಬರಬೇಕು.

ಇಲ್ಲಿ ಸಸ್ಯಾಹಾರಿಗಳು ಒಂದು ಮಾತನ್ನು ಗಮನಿಸಬೇಕು. ಮಾಂಸ, ಮೀನುಗಳಲ್ಲಿ ಕಿಲೋಗೆ ಸುಮಾರು 3ರಿಂದ 5 ಗ್ರಾಂ ಕ್ರಿಯೇಟಿನ್ ಇರುತ್ತದೆ. ಹಾಲಿನಲ್ಲಿ ಇರುವುದು ತೀರಾ ಅಲ್ಪ. ಸೊಪ್ಪು, ತರಕಾರಿ, ಬೇಳೆಕಾಳುಗಳಲ್ಲಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ದಾಸ್ತಾನು ಸ್ವಲ್ಪ ಕಡಿಮೆ. ಹಾಗೆಂದು ಇದು ಒಂದು ರೋಗವಲ್ಲ, ಕೊರತೆಯೂ ಅಲ್ಲ. ತಲೆಮಾರುಗಳಿಂದ ಸಸ್ಯಾಹಾರಿಗಳು ಆರೋಗ್ಯವಾಗಿಯೇ ಬದುಕಿದ್ದಾರೆ. ಆದರೆ ಪುಡಿಯನ್ನು ಸೇವಿಸಿದಾಗ ಸ್ನಾಯುವಿನ ದಾಸ್ತಾನು ಅವರಲ್ಲಿ ಹೆಚ್ಚು ಏರುತ್ತದೆ ಎಂಬುದು ನಿಜ.

ಕರೆಂಟ್ ಹೋದಾಗ ಯುಪಿಎಸ್ ಇದ್ದಂತೆ

ಸ್ನಾಯುವಿನಲ್ಲಿ ಕ್ರಿಯೇಟಿನ್ ಮಾಡುವ ಕೆಲಸವೇನು? ನಮ್ಮ ಮನೆಗಳಲ್ಲಿ ಕರೆಂಟ್ ಹೋದ ಕೂಡಲೇ ಯುಪಿಎಸ್ ದೀಪ ಉರಿಸುತ್ತದೆಯಲ್ಲವೇ? ಕ್ರಿಯೇಟಿನ್ ಕೆಲಸವೂ ಹಾಗೆಯೇ. ಷಟಲ್ ಆಡುವಾಗ ಒಮ್ಮೆಲೇ ಜಿಗಿದು ಸ್ಮ್ಯಾಷ್ ಹೊಡೆಯುತ್ತೀರಿ, ಹೊರಟುನಿಂತ ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡುತ್ತೀರಿ. ಆ ಮೊದಲ ಹತ್ತು ಸೆಕೆಂಡುಗಳಿಗೆ ಬೇಕಾದ ದಿಢೀರ್ ಶಕ್ತಿಯ ಬಹುಭಾಗವನ್ನು ಒದಗಿಸುವುದು ಈ ದಾಸ್ತಾನು. ಆನಂತರ ಸಕ್ಕರೆ ಮತ್ತು ಕೊಬ್ಬನ್ನು ಉರಿಸುವ ದೊಡ್ಡ ಯಂತ್ರಗಳು ಕೆಲಸ ವಹಿಸಿಕೊಳ್ಳುತ್ತವೆ.

ಆದ್ದರಿಂದ ಒಂದು ಗಂಟೆ ನಡೆಯುವವರಿಗೆ, ನಿಧಾನವಾಗಿ ಹತ್ತು ಕಿಲೋಮೀಟರ್ ಓಡುವವರಿಗೆ ಈ ಪುಡಿಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಮೇಲಾಗಿ ಕ್ರಿಯೇಟಿನ್ ಸ್ನಾಯುವಿನೊಳಗೆ ನೀರನ್ನು ಸೆಳೆದುಕೊಳ್ಳುವುದರಿಂದ ಮೊದಲ ವಾರಗಳಲ್ಲಿ ತೂಕ ಒಂದೆರಡು ಕಿಲೋ ಏರಬಹುದು. ದೂರದ ಓಟಗಾರನಿಗೆ ಅದು ಹೊರುವ ಮೂಟೆಯೇ ಸರಿ. ಉದ್ಯಾನದಲ್ಲಿ ನಡೆಯುವುದಷ್ಟೇ ನಿಮ್ಮ ವ್ಯಾಯಾಮವಾಗಿದ್ದರೆ ಡಬ್ಬಿಯನ್ನು ಮಗನಿಗೇ ಬಿಟ್ಟುಬಿಡಿ.

ಪರೀಕ್ಷೆಗಳು ಹೇಳುವುದೇನು?

1992ರಲ್ಲಿ ಹ್ಯಾರಿಸ್ ಮತ್ತು ಅವರ ಸಂಗಡಿಗರು ಕ್ರಿಯೇಟಿನ್ ಸೇವನೆಯಿಂದ ಸ್ನಾಯುವಿನಲ್ಲಿ ಅದರ ಪ್ರಮಾಣ ಏರುತ್ತದೆಂದು ತೋರಿಸಿದರು. ಅದೇ ವರ್ಷ ನಡೆದ ಬಾರ್ಸಿಲೋನಾ ಒಲಿಂಪಿಕ್ಸ್ ಬಳಿಕ ಈ ಪುಡಿಯ ಹೆಸರು ಕ್ರೀಡಾಲೋಕದಲ್ಲಿ ಹಬ್ಬಿತು. ಆದರೆ ಇಪ್ಪತ್ತರ ಹರೆಯದ ಓಟಗಾರನಿಗೆ ಒಗ್ಗಿದ್ದು ಅರವತ್ತರ ಗೃಹಸ್ಥರಿಗೂ ಒಗ್ಗಬೇಕೆಂದಿಲ್ಲ.

ಹಿರಿಯರ ಮೇಲೆಯೇ ನಡೆದ ಪ್ರಯೋಗಗಳು ಈಗ ಸಾಕಷ್ಟಿವೆ. ಕೆನಡಾದ ಚಿಲಿಬೆಕ್ ಮತ್ತು ಸಂಗಡಿಗರು 2017ರಲ್ಲಿ ಇಂಥ 22 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 721 ಮಂದಿ. ಎಲ್ಲರೂ ಭಾರ ಎತ್ತುವ ವ್ಯಾಯಾಮ ಮಾಡಿದ್ದರು. ವ್ಯಾಯಾಮದ ಜೊತೆ ಕ್ರಿಯೇಟಿನ್ ತೆಗೆದುಕೊಂಡವರಲ್ಲಿ, ಬರೀ ವ್ಯಾಯಾಮ ಮಾಡಿದವರಿಗಿಂತ, ಕೊಬ್ಬು ಬಿಟ್ಟು ಉಳಿದ ದೇಹತೂಕ ಸರಾಸರಿ 1.4 ಕಿಲೋದಷ್ಟು ಹೆಚ್ಚಾಗಿತ್ತು. ಎದೆ ಮತ್ತು ಕಾಲುಗಳ ಬಲವೂ ಸ್ವಲ್ಪ ಹೆಚ್ಚಾಗಿತ್ತು.

ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಪ್ರಾಧಿಕಾರ ಜಾಹೀರಾತಿನ ಮಾತುಗಳನ್ನು ಸುಲಭವಾಗಿ ಒಪ್ಪುವಂಥದಲ್ಲ. ಅದೂ 2016ರಲ್ಲಿ ಈ ಲಾಭವನ್ನು ಒಪ್ಪಿಕೊಂಡಿತು. ಆದರೆ ಷರತ್ತುಗಳನ್ನು ನೋಡಿ. ವಯಸ್ಸು 55 ಮೀರಿರಬೇಕು. ದಿನಕ್ಕೆ ಕನಿಷ್ಠ 3 ಗ್ರಾಂ ತೆಗೆದುಕೊಳ್ಳಬೇಕು. ವಾರಕ್ಕೆ ಕನಿಷ್ಠ 3 ಬಾರಿ, ಹಲವು ವಾರಗಳ ಕಾಲ, ಭಾರವನ್ನು ಕ್ರಮೇಣ ಏರಿಸುತ್ತಾ ವ್ಯಾಯಾಮ ಮಾಡಬೇಕು. ಈ ಕೊನೆಯ ಷರತ್ತೇ ಮುಖ್ಯವಾದುದು. ಡಬ್ಬಿಯ ಮೇಲಿನ ಚಿತ್ರದಲ್ಲಿ ದಪ್ಪ ತೋಳು ಕಾಣುತ್ತದೆಯೇ ಹೊರತು ಈ ಷರತ್ತು ಕಾಣುವುದಿಲ್ಲ.

ಇನ್ನು ಮೂಳೆಯ ವಿಷಯ. ಮುಟ್ಟು ನಿಂತ 237 ಮಹಿಳೆಯರಿಗೆ ಎರಡು ವರ್ಷಗಳ ಕಾಲ ವ್ಯಾಯಾಮದೊಡನೆ ಕ್ರಿಯೇಟಿನ್ ಅಥವಾ ಸೋಗಿನ ಪುಡಿ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂಳೆಯ ಸಾಂದ್ರತೆಗೆ ಕ್ರಿಯೇಟಿನ್‌ನಿಂದ ಲಾಭ ಕಾಣಲಿಲ್ಲ. ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಮಾತಿಗೂ ಗಟ್ಟಿಯಾದ ಆಧಾರ ಇನ್ನೂ ದೊರೆತಿಲ್ಲ. ಆದ್ದರಿಂದ ಮೂಳೆಗೆ, ಮಿದುಳಿಗೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಬಲ ಏಕೆ ಬೇಕು?

‘ಈ ವಯಸ್ಸಿನಲ್ಲಿ ತೋಳು ದಪ್ಪ ಮಾಡಿಕೊಂಡು ಯಾರಿಗೆ ತೋರಿಸಬೇಕು?’ ಎಂದು ನೀವು ಕೇಳಬಹುದು. ಯಾರಿಗೂ ತೋರಿಸಬೇಕಾಗಿಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ಮೆಲ್ಲಮೆಲ್ಲನೆ ಕರಗುತ್ತಾ ಹೋಗುತ್ತದೆ. ಅರವತ್ತರ ನಂತರ ಅದರ ವೇಗ ಹೆಚ್ಚುತ್ತದೆ. ಮೊದಲು ಸೊರಗುವುದು ತಟ್ಟನೆ ಕೆಲಸ ಮಾಡುವ ಎಳೆಗಳು. ಬಚ್ಚಲಲ್ಲಿ ಕಾಲು ಜಾರಿದಾಗ ಮೈಯನ್ನು ತಡೆದು ನಿಲ್ಲಿಸುವುದು ಇದೇ ಎಳೆಗಳು. ಇವು ಸೋತರೆ ಬೀಳುತ್ತೇವೆ. ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ನೆಲದಿಂದ ಕೈಯೂರದೆ ಏಳುವುದು, ಮೆಟ್ಟಿಲು ಹತ್ತುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಇವೆಲ್ಲಕ್ಕೂ ಬೇಕಾದುದು ಬಲವೇ.

ನಡಿಗೆ ಹೃದಯಕ್ಕೆ ಒಳ್ಳೆಯದು. ಆದರೆ ನಡಿಗೆಯೊಂದರಿಂದಲೇ ಈ ಬಲ ಉಳಿಯುವುದಿಲ್ಲ. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. 65 ದಾಟಿದವರು ಸಮತೋಲನ ಮತ್ತು ಬಲದ ವ್ಯಾಯಾಮಗಳನ್ನು ವಾರಕ್ಕೆ ಮೂರು ದಿನ ಮಾಡಬೇಕು. ನಮ್ಮ ಪಶ್ಚಿಮ ಬೆಂಗಳೂರಿನ ಹಿರಿಯರು ತಪ್ಪದೆ ನಡೆಯುತ್ತಾರೆ, ಆದರೆ ಭಾರ ಎತ್ತುವವರು ಬಲು ಕಡಿಮೆ. ಇದೇ ನನ್ನ ದೂರು.

ಬೆಂಗಳೂರಿಗೆ ಇದೇನೂ ಹೊಸ ಪಾಠವಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರು ಇದೇ ನಗರದಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದರು. ಅವರ ಮೈಕಟ್ಟು ನಾಡಿನಾಚೆಗೂ ಹೆಸರಾಗಿತ್ತು. ಆ ಮೈ ಕಟ್ಟಿದ ಕಾಲದಲ್ಲಿ ಈ ಪುಡಿ ಮಾರುಕಟ್ಟೆಯಲ್ಲೇ ಇರಲಿಲ್ಲ. ವ್ಯಾಯಾಮವಿತ್ತು, ಶಿಸ್ತಿತ್ತು.

ನೀವು ಮನೆಯಲ್ಲೇ ಆರಂಭಿಸಬಹುದು. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಗೋಡೆಗೆ ಕೈಯಿಟ್ಟು ದಂಡ ಹೊಡೆಯಿರಿ. ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸಿ. ಸುಲಭವೆನಿಸಿದಾಗ ಭಾರ ಹೆಚ್ಚಿಸಿ. ಹೃದಯರೋಗ, ಅತಿಯಾದ ರಕ್ತದೊತ್ತಡ, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಊಟದ ಕಡೆಗೂ ಗಮನವಿರಲಿ. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ತಟ್ಟೆಯ ತುಂಬ ಅನ್ನ, ಮೇಲೆ ತಿಳಿಸಾರು ಎಂಬ ಊಟದಿಂದ ಅದು ದೊರೆಯುವುದಿಲ್ಲ. ಹುರುಳಿ, ಹೆಸರು, ಕಡಲೆ, ಅವರೆಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಇವು ದಿನವೂ ಇರಲಿ. ಗೋಡೆ ಕಟ್ಟಲು ಇಟ್ಟಿಗೆಯೇ ಇಲ್ಲದಿದ್ದರೆ ಮೇಸ್ತ್ರಿಗೆ ಕಾಫಿ ಕೊಟ್ಟು ಏನು ಪ್ರಯೋಜನ?

ಕಿಡ್ನಿಯ ಭಯ

ಈಗ ಅಮ್ಮನ ಮಾತಿಗೆ ಬರೋಣ. ಆರೋಗ್ಯವಂತರು ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡಾಗ ಮೂತ್ರಪಿಂಡ ಕೆಡುತ್ತದೆಂದು ಇದುವರೆಗಿನ ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಹಾಗಾದರೆ ಈ ಭಯ ಹುಟ್ಟಿದ್ದೆಲ್ಲಿ? ಹೆಸರಿನ ಗೊಂದಲವೇ ಒಂದು ಕಾರಣ.

ದೇಹದಲ್ಲಿ ಕ್ರಿಯೇಟಿನ್ ಸವೆದು ಕ್ರಿಯೇಟಿನಿನ್ ಎಂಬ ಕಸವಾಗುತ್ತದೆ. ಇದನ್ನು ಮೂತ್ರಪಿಂಡ ಹೊರಹಾಕುತ್ತದೆ. ರಕ್ತದಲ್ಲಿ ಕ್ರಿಯೇಟಿನಿನ್ ಏರಿದ್ದರೆ ಮೂತ್ರಪಿಂಡ ಸೋಲುತ್ತಿರಬಹುದು ಎಂದು ವೈದ್ಯರು ಶಂಕಿಸುತ್ತಾರೆ. ಆದರೆ ಪುಡಿ ಸೇವಿಸುವವರಲ್ಲಿ ಕಸ ಏರುವುದು ಸರಕು ಹೆಚ್ಚು ಬಂದುದರಿಂದ. ಹಬ್ಬದ ಮರುದಿನ ಬೀದಿಯಲ್ಲಿ ಕಸ ಹೆಚ್ಚಿದ್ದರೆ ಪೌರಕಾರ್ಮಿಕರು ಕೆಲಸ ಬಿಟ್ಟಿದ್ದಾರೆಂದು ಅರ್ಥವೇ?

ಇಂಥ ಒಂದು ಸಂದರ್ಭವನ್ನು ಕಣ್ಣಮುಂದೆ ತಂದುಕೊಳ್ಳಿ. ಅರವತ್ತರ ಹಿರಿಯರೊಬ್ಬರು ಯಾರಿಗೂ ಹೇಳದೆ ಎರಡು ತಿಂಗಳು ಪುಡಿ ಸೇವಿಸಿದ್ದಾರೆ. ವರ್ಷದ ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.5 ಎಂದು ಬರುತ್ತದೆ. ಮನೆಯಲ್ಲಿ ಗಾಬರಿ, ವೈದ್ಯರಿಗೂ ಚಿಂತೆ. ಒಂದರ ಮೇಲೊಂದು ಪರೀಕ್ಷೆ, ರಾತ್ರಿ ನಿದ್ದೆಯಿಲ್ಲ. ‘ಪುಡಿ ತೆಗೆದುಕೊಳ್ಳುತ್ತಿದ್ದೇನೆ’ ಎಂಬ ಒಂದು ಮಾತು ವೈದ್ಯರಿಗೆ ದಾರಿ ತೋರುತ್ತಿತ್ತು. ಇದಕ್ಕಿಂತ ಕೆಟ್ಟದ್ದೂ ಆಗಬಹುದು. ನಿಜವಾಗಿಯೇ ಮೂತ್ರಪಿಂಡ ಸೋಲುತ್ತಿರುವಾಗ, ‘ಅದು ಪುಡಿಯಿಂದ ಬಂದ ಏರಿಕೆ ಬಿಡಿ’ ಎಂದು ತಾವೇ ಸಮಾಧಾನ ಮಾಡಿಕೊಂಡರೆ ರೋಗ ಒಳಗೇ ಬೆಳೆಯುತ್ತದೆ.

ಆದುದರಿಂದ ಪುಡಿ ಆರಂಭಿಸುವ ಮುನ್ನ ಒಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ. ಆ ಕಾಗದವನ್ನು ಜೋಪಾನವಾಗಿಡಿ. ಮುಂದೆ ಸಂದೇಹ ಬಂದರೆ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ಪರೀಕ್ಷೆಯಿದೆ. ಅದರ ಮೇಲೆ ಕ್ರಿಯೇಟಿನ್ ಸೇವನೆಯ ಪ್ರಭಾವವಿಲ್ಲ. ಪುಡಿ ನಿಲ್ಲಿಸಿದರೆ ನಾಲ್ಕರಿಂದ ಆರು ವಾರಗಳಲ್ಲಿ ದಾಸ್ತಾನು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆಗ ಮತ್ತೆ ಪರೀಕ್ಷಿಸಬಹುದು.

ಈಗಾಗಲೇ ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಪುಡಿ ಬೇಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಈ ಎರಡು ಕಾಯಿಲೆಗಳೇ ಮೂತ್ರಪಿಂಡದ ದೊಡ್ಡ ಶತ್ರುಗಳು. ಇನ್ನೊಂದು ಮಾತು. ಆಟಕ್ಕೆ ಮುನ್ನ ಮಂಡಿನೋವಿಗೆಂದು ತಾವಾಗಿಯೇ ನೋವಿನ ಮಾತ್ರೆ ನುಂಗುವ ಅಭ್ಯಾಸ ನಮ್ಮ ಹಿರಿಯ ಆಟಗಾರರಲ್ಲಿ ಕೆಲವರಿಗಿದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳ ಸತತ ಸೇವನೆ ಮೂತ್ರಪಿಂಡಕ್ಕೆ ನಿಜವಾದ ಅಪಾಯ. ಬಿಳಿ ಪುಡಿಗೆ ಹೆದರುವ ಮನೆಯಲ್ಲಿ ಆ ಮಾತ್ರೆಗಳಿಗೆ ಯಾರೂ ಹೆದರುವುದಿಲ್ಲ!

ಕೊಳ್ಳುವ ಮುನ್ನ

ಎಲ್ಲವನ್ನೂ ಯೋಚಿಸಿ ಕೊಳ್ಳಲು ನಿರ್ಧರಿಸಿದಿರಿ ಎನ್ನಿ. ಹಾಗಾದರೆ ಇಷ್ಟನ್ನು ನೋಡಿ. ಡಬ್ಬಿಯ ಮೇಲೆ ‘ಕ್ರಿಯೇಟಿನ್ ಮಾನೋಹೈಡ್ರೇಟ್’ ಎಂದಷ್ಟೇ ಇರಲಿ. ಪರೀಕ್ಷೆಗಳೆಲ್ಲ ಹೆಚ್ಚಾಗಿ ನಡೆದಿರುವುದು ಇದರ ಮೇಲೆಯೇ. ದುಬಾರಿ ಹೊಸ ಬಗೆಗಳು ಇದಕ್ಕಿಂತ ಮೇಲೆಂಬುದಕ್ಕೆ ಆಧಾರವಿಲ್ಲ. ಹತ್ತಾರು ವಸ್ತುಗಳನ್ನು ಬೆರೆಸಿದ ‘ಪ್ರೀ ವರ್ಕೌಟ್’ ಪುಡಿಗಳಿಂದ ದೂರವಿರಿ. ಅವುಗಳಲ್ಲಿ ಕೆಫೀನ್ ಹೇರಳವಾಗಿರಬಹುದು. ರಕ್ತದೊತ್ತಡ ಇರುವವರಿಗೆ ಅದು ಒಳ್ಳೆಯದಲ್ಲ. ಎಫ್ಎಸ್ಎಸ್ಎಐ ಗುರುತು ಮತ್ತು 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಬಿಲ್ಲು ಪಡೆಯಿರಿ.

ದಿನಕ್ಕೆ 3 ಗ್ರಾಂ, ಹೆಚ್ಚೆಂದರೆ 5 ಗ್ರಾಂ ಸಾಕು. ಮೊದಲ ವಾರ 20 ಗ್ರಾಂ ತಿನ್ನಬೇಕೆಂಬ ಜಿಮ್ ಹುಡುಗರ ಮಾತನ್ನು ಕೇಳಬೇಡಿ. ದಿನಕ್ಕೆ 3 ಗ್ರಾಂ ತೆಗೆದುಕೊಂಡರೂ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯು ಅದೇ ಮಟ್ಟಕ್ಕೆ ತುಂಬುತ್ತದೆ. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಬರಬಹುದು. ಈ ಲೆಕ್ಕದಲ್ಲಿ 250 ಗ್ರಾಂ ಡಬ್ಬಿ 50ರಿಂದ 80 ದಿನ ಬರುತ್ತದೆ. ಮೂರು ತಿಂಗಳು ವ್ಯಾಯಾಮದೊಡನೆ ತೆಗೆದುಕೊಂಡು ನೋಡಿ. ಕುರ್ಚಿಯಿಂದ ಎಷ್ಟು ಸಲ ಏಳಬಲ್ಲಿರಿ, ಎಷ್ಟು ಭಾರ ಎತ್ತಬಲ್ಲಿರಿ ಎಂದು ಮೊದಲೇ ಬರೆದಿಟ್ಟುಕೊಂಡು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ನಷ್ಟವೇನಿಲ್ಲ.

ಕೊನೆಯದಾಗಿ ನನ್ನ ಅಭಿಪ್ರಾಯ ಇಷ್ಟು. ಭಾರದ ವ್ಯಾಯಾಮವನ್ನು ಈಗಾಗಲೇ ವಾರಕ್ಕೆ ಎರಡು ಮೂರು ದಿನ ತಪ್ಪದೆ ಮಾಡುತ್ತಿರುವ, ಹೊಟ್ಟೆತುಂಬ ಕಾಳು, ಹಾಲು, ಮೊಸರು ತಿನ್ನುವ, ಮೂತ್ರಪಿಂಡ ಸರಿಯಾಗಿರುವ ಹಿರಿಯರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಕ್ರಿಯೇಟಿನ್ ಒಂದು ಸಣ್ಣ ಸಹಾಯ. ಉಳಿದವರಿಗೆ ಅದು ಬರೀ ಖರ್ಚು. ಮೊದಲು ಮೂರು ತಿಂಗಳು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ತಪ್ಪಿಸದೆ ಮಾಡಿ. ಅಷ್ಟು ಮಾಡಿದ ಮೇಲೆ ಮಗನ ಡಬ್ಬಿಯ ಕಡೆ ನೋಡಿ. ಅಷ್ಟರಲ್ಲಿ ಅದು ಬೇಡವೆನಿಸಿದರೂ ಆಶ್ಚರ್ಯವಿಲ್ಲ.